ಎರಡು ಅಕ್ಷರ, ಒಂದು ಸೌಟು ಹುಗ್ಗಿ

ಮಲಪ್ರಭೆಯ ದಂಡೆಯ ಮೇಲೆ ಸಂಗಯ್ಯಜ್ಜಾರ ಆಶ್ರಮ. ನಾಲ್ಕು ಖೋಲಿ, ಒಂದು ಭಜನೆಯ ಪಡಸಾಲೆ, ಅದರ ಪಕ್ಕದಲ್ಲಿ ಉದ್ದನೆಯ ದಾಸೋಹದ ಮನೆ. ಅಲ್ಲಿ ಓದುವ ಪುಸ್ತಕಕ್ಕಿಂತ ಉಣ್ಣುವ ಎಲೆಗೆ ಮರ್ಯಾದೆ ಹೆಚ್ಚು ಎಂದು ಸುತ್ತಲಿನ ಊರವರು ನಗುತ್ತಿದ್ದರು. ನಕ್ಕವರೂ ಅಮಾವಾಸ್ಯೆಗೆ ತಪ್ಪದೆ ಬಂದು ಉಂಡು ಹೋಗುತ್ತಿದ್ದರು, ಆ ಮಾತು ಬೇರೆ.

ಅಲ್ಲಿಯ ಪಂಕ್ತಿಗೆ ಒಂದು ಕಟ್ಟಳೆ ಇತ್ತು. ಕಡೆಯ ಎಲೆಗೆ ಬಡಿಸಿ ಮುಗಿಯುವವರೆಗೆ ಮೊದಲ ಎಲೆಯವನು ತುತ್ತು ಮುಟ್ಟುವಂತಿಲ್ಲ. ಕಡೆಯ ಎಲೆಗೆ ಕೂತವನು ತನ್ನ ಎಲೆ ತುಂಬಿದ್ದು ನೋಡಿ, "ಆತು, ಉಣ್ರಿ" ಅನ್ನಬೇಕು. ಆಮೇಲೆಯೇ ಊಟ.

ಉಂಡವರೂ ತಟ್ಟನೆ ಏಳುವಂತಿಲ್ಲ. ಬಡಿಸಿದವನ ಎಲೆಯನ್ನು ಎಲ್ಲರಿಗೂ ಬಡಿಸಿ ಆದ ಮೇಲೆ, ಸಾಲಿನ ತುದಿಗೆ ಹಾಕುತ್ತಿದ್ದರು. ಅವನು ಉಂಡು ಮುಗಿಸುವವರೆಗೆ ಉಳಿದವರು ಎಂಜಲು ಕೈ ಒಣಗಿಸಿಕೊಂಡು ಕೂತಿರಬೇಕು.

ಬಡಿಸುವ ಕೆಲಸ ಕಲ್ಲಿನಾಥನದು.

ಕಲ್ಲಿನಾಥ ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಮಾಡಿದವನು. ಕೆಲವು ಕಾಲ ಕಾಲೇಜಿನಲ್ಲಿ ಪಾಠ ಹೇಳಿ, ಅದರಲ್ಲಿ ಸಾರವಿಲ್ಲವೆಂದು ಬಿಟ್ಟು, ಬ್ರಹ್ಮಜ್ಞಾನ ಬೇಕೆಂದು ಅಜ್ಜಾರ ಕಾಲಿಗೆ ಬಿದ್ದವನು. ಅಜ್ಜಾರು ಅವನನ್ನು ಮೇಲಿಂದ ಕೆಳಗೆ ನೋಡಿ ಕೈಗೊಂದು ಸೌಟು ಕೊಟ್ಟಿದ್ದರು.

"ಉಪದೇಶ ಯಾವಾಗ್ರಿ ಅಜ್ಜಾರ?" ಎಂದು ಅವನು ಕೇಳಿದ.

"ಮೊದಲ ಬಡಸು."

"ಎಲ್ಲೀತನಕರಿ?"

"ಕಡೀ ಎಲಿ ತುಂಬೂತನಕ."

ಕಲ್ಲಿನಾಥ ಅಂದೇ ಕಡೆಯ ಎಲೆ ತುಂಬಿಸಿದ. ಮರುದಿನ ಮತ್ತೆ ಕೇಳಿದ. ಅಜ್ಜಾರು ಮತ್ತೆ ಅದನ್ನೇ ಅಂದರು. ಮುದುಕರಿಗೆ ಮರೆವು ಎಂದುಕೊಂಡು ಅವನು ಕೇಳುವುದನ್ನೇ ಬಿಟ್ಟ.

ಹೀಗಿರುವಾಗ ಅಡಿಗೆಯ ಗೌರವ್ವ ಒಮ್ಮೆ ಮೊಣಕಾಲು ನೋವೆಂದು ಪ್ಯಾಟಿಯ ದವಾಖಾನೆಗೆ ಹೋಗಿ ಬಂದಳು. ಬಂದವಳೇ ಅಜ್ಜಾರ ಮುಂದೆ ಕೂತು ಅತ್ತಳು.

"ಬೋರ್ಡ್ ಇಂಗ್ಲಿಷಿನ್ಯಾಗ ಇತ್ರಿ. ಗೊತ್ತಾಗಲಾರದ ಗಂಡಸರ ಪಾಯಖಾನಿ ಹೊಕ್ಕೆ. ಹೊರಗ ಬರೂದ್ರಾಗ ಎಲ್ಲಾರೂ ಬಾಯಿಗೆ ಕೈ ಇಟ್ಕೊಂಡು ನಗಾಕತ್ತಿದ್ರು. ಮೊಣಕಾಲ ನೋವ ಹೋತು, ಅದೊಂದು ಹೋಗವಲ್ಲದು."

ಅಜ್ಜಾರು ಕಲ್ಲಿನಾಥನ ಕಡೆ ತಿರುಗಿದರು.

"ತಮ್ಮಾ, ನಿನಗ ಇಂಗ್ಲಿಷ್ ಭಾಳ ಬರ್ತೈತಂತ. ಇವರಿಗೂ ಒಂದೀಟು ಬಡಸು."

ಅಂದಿನಿಂದ ಸಂಜೆಯ ಹೊತ್ತು ಬೇವಿನ ಕಟ್ಟೆಯ ಮೇಲೆ ಇಂಗ್ಲಿಷ್ ಪಾಠ ಸುರುವಾಯಿತು. ಮೊದಮೊದಲು ಯಾರೂ ಬಾಯಿ ಬಿಡಲಿಲ್ಲ. ಎ, ಬಿ, ಸಿ, ಡಿ ಹೇಳುವಾಗ ಗೌರವ್ವ ಆಕಳಿಸಿದಳು, ತೋಟದ ಕೆಲಸದವರು ತೂಕಡಿಸಿದರು.

ಆಗ ಕಲ್ಲಿನಾಥನಿಗೆ ಒಂದು ಆಟ ಹೊಳೆಯಿತು. ಒಳ್ಳೆಯ ಆಟವೇ, ಅದರಲ್ಲಿ ಅನುಮಾನ ಬೇಡ.

"ನಿಮಗ ಇಂಗ್ಲಿಷ್ ಬರ್ತೈತಿ. ಬರೂದು ನಿಮಗ ಗೊತ್ತಿಲ್ಲ, ಅಷ್ಟ," ಎಂದ ಅವನು. "ಅಗಾ, ಮ್ಯಾಲೆ ಏನು ಜೋತುಬಿದ್ದೈತಿ?"

"ಬಲ್ಬ್," ಎಂದಳು ಗೌರವ್ವ.

"ಇಂಗ್ಲಿಷಿನ್ಯಾಗ ಅದರ ಮೊದಲನೇ ಅಕ್ಷರ ಬಿ. ಕಡೀ ಅಕ್ಷರನೂ ಬಿ."

ಅವನು ಕರಿಹಲಗೆಯ ಮೇಲೆ ಬರೆದು ತೋರಿಸಿದ. ಗೌರವ್ವ ಕಣ್ಣು ಕಿರಿದು ಮಾಡಿ ನೋಡಿದಳು.

"ಅಯ್ಯ! ಹ್ವಾದಾಂವನ ತಿರುಗಿ ಬಂದು ನಿಂತಂಗ ಆತಲ್ಲೋ!"

ಅಷ್ಟೇ ಸಾಕಾಯಿತು. ಎಲ್ಲರೂ ಹುಡುಕಹತ್ತಿದರು. ಟಿಕೆಟ್ಟಿಗೆ ಎರಡೂ ಕಡೆ ಟಿ. ರಬ್ಬರಿಗೆ ಎರಡೂ ಕಡೆ ಆರ್. ಲೋಕಲ್ ಅಂದರೆ ಎಲ್, ಕ್ಲಿನಿಕ್ ಅಂದರೆ ಸಿ. ತೋಟದವನೊಬ್ಬ ಟ್ರ್ಯಾಕ್ಟರ್ ಎಂದು ಕೂಗಿ, ಅದು ಹೊಂದದೆ ಹೋದಾಗ ಇಡೀ ದಿನ ಮುಖ ಊದಿಸಿಕೊಂಡು ತಿರುಗಿದ. ರೊಟ್ಟಿ ಬಡಿಯುವಾಗಲೂ ಕಳೆ ಕೀಳುವಾಗಲೂ ಅದೇ ಮಾತು.

ಬಂದ ಭಕ್ತರು ಇದನ್ನು ಕಂಡು ಕಲ್ಲಿನಾಥನನ್ನು ಹೊಗಳಿದರು. ಹೊಗಳಿಕೆ ಬೆಲ್ಲದಂಥದು, ಇರುವೆ ತಾನಾಗಿ ಬರುತ್ತದೆ. ಕಲ್ಲಿನಾಥನಿಗೆ ಸಣ್ಣಗೆ ಕೊಂಬು ಮೂಡಿತು.

ಪಾಠಕ್ಕೆ ಎಲ್ಲರಿಗಿಂತ ಹಿಂದೆ ಕೂಡುತ್ತಿದ್ದವನು ಭರಮಣ್ಣ. ಹೊಳೆಯಿಂದ ಆಶ್ರಮಕ್ಕೆ ನೀರೆತ್ತುವ ಪಂಪು ನೋಡಿಕೊಳ್ಳುವವನು, ಕಲ್ಲಿನಾಥನಿಗಿಂತ ಬಹಳ ಮೊದಲು ಬಂದ ಶಿಷ್ಯ. ಅವನಿಗೆ ಮಾತು ತೊದಲುತ್ತಿತ್ತು. ಶಬ್ದದ ಮೊದಲಿಗೇ ಸಿಕ್ಕಿಕೊಂಡು, ಕೊರಳಿನ ನರ ಉಬ್ಬಿ, ಕಣ್ಣು ಕೆಂಪಾಗಿ, ಕಡೆಗೆ ಕೈಸನ್ನೆ ಮಾಡಿ ಸುಮ್ಮನಾಗುತ್ತಿದ್ದ.

ಭಜನೆಯಲ್ಲಿ ಮಾತ್ರ ಅವನ ದನಿ ಎಲ್ಲಿಯೂ ತಡೆಯುತ್ತಿರಲಿಲ್ಲ. ತಾಳ ಸುರುವಾದರೆ ಸಾಕು, ಹೊಳೆಯ ಆಚೆ ದಂಡೆಗೂ ಕೇಳುವಂತೆ ಹಾಡುತ್ತಿದ್ದ.

ಪಂಕ್ತಿಯಲ್ಲಿ ಅವನು ಯಾವತ್ತೂ ನಡುವೆ ಕೂಡುತ್ತಿದ್ದ. ಕಡೆಯ ಎಲೆಗೆ ಕೂತರೆ "ಆತು, ಉಣ್ರಿ" ಅನ್ನಬೇಕಲ್ಲ, ಅದಕ್ಕೆ. ಇದು ಎಲ್ಲರಿಗೂ ಗೊತ್ತಿತ್ತು. ಯಾರೂ ಆಡಿ ತೋರಿಸುತ್ತಿರಲಿಲ್ಲ.

ಅಮಾವಾಸ್ಯೆ ಬಂತು. ಅಮಾವಾಸ್ಯೆಗೆ ಗೋಧಿ ಹುಗ್ಗಿ. ಪ್ಯಾಟಿಯಿಂದ ಭಕ್ತರು ಬಂದಿದ್ದರು. ಅವರಲ್ಲಿ ನಿವೃತ್ತರಾದ ಹಂಚಿನಾಳ ಮಾಸ್ತರೂ ಇದ್ದರು. ಅವರೆದುರು ತನ್ನ ಆಟ ತೋರಿಸಬೇಕೆಂದು ಕಲ್ಲಿನಾಥನಿಗೆ ಆಸೆಯಾಯಿತು.

"ಅಜ್ಜಾರ, ಇವತ್ತ ಪಂಕ್ತಿಯೊಳಗ ಒಂದು ಚಂದ ಮಾಡೂಣ್ರಿ. ಒಬ್ಬೊಬ್ಬರು ಒಂದೊಂದು ಇಂಗ್ಲಿಷ್ ಶಬ್ದ ಹೇಳೂದು. ಮೊದಲನೇ ಅಕ್ಷರ, ಕಡೀ ಅಕ್ಷರ ಒಂದ ಇರಬೇಕು. ಹೇಳಿದವರಿಗೆ ಒಂದು ಸೌಟ ಹುಗ್ಗಿ."

"ಹುಗ್ಗಿ ಆರೂದಿಲ್ಲೇನು?"

"ಲಗೂನ ಮುಗಸ್ತೀನ್ರಿ."

"ನಿನ್ನ ಆಟ ಕಡೀ ಎಲಿತನಕ ಹೋಗಿ ಮುಟ್ಟತೈತೇನು?"

"ಮುಟ್ಟತೈತ್ರಿ."

"ಮುಟ್ಟಿದ್ರ ಛಲೋ," ಎಂದರು ಅಜ್ಜಾರು. ಹೂಂ ಅಂದ ಹಾಗೂ ಆಯಿತು, ಅನ್ನದ ಹಾಗೂ ಆಯಿತು.

ಪಂಕ್ತಿ ಕೂತಿತು. ಅಜ್ಜಾರು ಆ ದಿನ ಮೊದಲ ಎಲೆಗೆ ಕೂತರು. ಭರಮಣ್ಣ ಬಂದ. ನಡುವೆ ಜಾಗ ಇದ್ದರೂ ಅಲ್ಲಿ ಕೂಡದೆ, ನೆಟ್ಟಗೆ ನಡೆದು ಹೋಗಿ ಕಡೆಯ ಎಲೆಗೆ ಕೂತ. ತಲೆಗೆ ನೀರು ಹಚ್ಚಿ ಬಾಚಿಕೊಂಡಿದ್ದ.

ಕಲ್ಲಿನಾಥ ಅದನ್ನು ಕಂಡ. ಆದರೆ ಹುಗ್ಗಿಯ ಕೊಳಗ ಕೈಯಲ್ಲಿತ್ತು, ಮನಸ್ಸು ಮಾಸ್ತರ ಮೇಲಿತ್ತು. ಯಾಕಿರಬಹುದು ಎಂದು ಒಂದು ಗಳಿಗೆಯೂ ಯೋಚಿಸಲಿಲ್ಲ.

ಆಟ ಸುರುವಾಯಿತು.

"ಅಜ್ಜಾರ, ನೀವ ಮೊದಲ್ರಿ."

"ಟಿಕೆಟ್," ಎಂದರು ಅಜ್ಜಾರು. "ಇವತ್ತಿಲ್ಲ ನಾಳೆ ಎಲ್ಲಾರೂ ತಗಸೂದ ಐತಿ."

ಪಂಕ್ತಿ ಗೊಳ್ಳೆಂದು ನಕ್ಕಿತು. ಹುಗ್ಗಿ ಬಿತ್ತು. ಗೌರವ್ವ ಬಲ್ಬ್ ಅಂದಳು. ತೋಟದವನು ಈ ಸಲ ಹುಷಾರಾಗಿ ಟೆಂಟ್ ಅಂದ. ಮಾಸ್ತರು ಬಂದ ಭಕ್ತರಿಗೆಲ್ಲ ಕೇಳಿಸುವಂತೆ ಮ್ಯೂಸಿಯಂ ಅಂದರು. ಬಾರದವರಿಗೆ ಕಲ್ಲಿನಾಥನೇ ಕಿವಿಯಲ್ಲಿ ಊದಿ ಹೇಳಿಸಿದ. ಯಾರ ಎಲೆಯೂ ಬರಿದಾಗಿ ಉಳಿಯಲಿಲ್ಲ.

"ಇಂಥಾ ಪಾಠ ನಾ ನನ್ನ ಸರ್ವೀಸಿನ್ಯಾಗ ನೋಡಿಲ್ಲ ಬಿಡು," ಎಂದರು ಮಾಸ್ತರು.

ಕಲ್ಲಿನಾಥ ತೇಲುತ್ತಾ ಕಡೆಯ ಎಲೆಗೆ ಬಂದ.

"ಹೂಂ, ಭರಮಣ್ಣಾ."

ಭರಮಣ್ಣ ಬೆನ್ನು ನೆಟ್ಟಗೆ ಮಾಡಿದ. ಉಸಿರು ಎಳೆದುಕೊಂಡ. ತುಟಿ ಕೂಡಿಸಿದ.

"ಪ..." ಎಂದ. "ಪ... ಪ... ಪ..."

ಕೊರಳಿನ ನರ ಉಬ್ಬಿತು. ಪಂಕ್ತಿ ಸದ್ದು ನಿಲ್ಲಿಸಿ ಅವನನ್ನೇ ನೋಡಿತು. ಕಲ್ಲಿನಾಥ ಸೌಟನ್ನು ಎತ್ತಿ ಹಿಡಿದೇ ನಿಂತಿದ್ದ. ಕೈ ಸೋಲುತ್ತಿತ್ತು. ಆಟ ಚಂದಾಗಿ ಮುಗಿಯುವ ಹೊತ್ತಿಗೆ ಇದೆಲ್ಲಿ ಬಂತು ಅನ್ನಿಸಿತು.

"ಪ... ಪ..."

"ಭರಮಣ್ಣಾ," ಎಂದ ಕಲ್ಲಿನಾಥ, ಎಲ್ಲರಿಗೂ ಕೇಳುವಂತೆ, "ಮೊದಲನೇ ಅಕ್ಷರ ಬೇಕಾದಷ್ಟು ಸಲ ಆತು. ಇನ್ನ ಕಡೀದೊಂದು ಹೇಳಿಬಿಡು!"

ಪಂಕ್ತಿ ಬಿದ್ದು ಬಿದ್ದು ನಕ್ಕಿತು. ಮಾಸ್ತರು ತೊಡೆ ತಟ್ಟಿಕೊಂಡರು.

ಭರಮಣ್ಣನ ತುಟಿಗಳು ಇನ್ನೂ ಆ ಅಕ್ಷರದ ಮೇಲೆಯೇ ಕೂಡಿಕೊಂಡಿದ್ದವು. ಅವನು ಅವನ್ನು ಮೆಲ್ಲಗೆ ಸಡಿಲಿಸಿದ. ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡ. ಎದ್ದ. ಯಾರ ಕಡೆಗೂ ನೋಡದೆ ಬಾಗಿಲು ದಾಟಿ ಹೊಳೆಯ ಕಡೆ ನಡೆದುಬಿಟ್ಟ.

ನಗು ಅಲ್ಲೊಂದು ಇಲ್ಲೊಂದು ಉಳಿದು, ಆಮೇಲೆ ಅದೂ ನಿಂತಿತು.

ಆ ಪಂಕ್ತಿಯಿಂದ ಉಣ್ಣದೆ ಎದ್ದು ಹೋದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

ಕಲ್ಲಿನಾಥ ಸೌಟನ್ನು ಕೊಳಗಕ್ಕೆ ಇಳಿಸಿದ. ಏನೂ ಆಗಿಲ್ಲವೆಂಬಂತೆ ಮುಖ ಮಾಡಿದ.

"ಅಜ್ಜಾರ, ಸುರು ಮಾಡ್ರಿ."

"ಆತು ಅಂತ ಯಾರರ ಅಂದ್ರೇನು?" ಎಂದು ಅಜ್ಜಾರು ಕೇಳಿದರು.

"ಕಡೀಯಂವ ಎದ್ದು ಹ್ವಾದನಲ್ರಿ. ಮಾಸ್ತರು ಅವನ ಬಗಲಾಗ ಅದಾರ. ಅವರ ಅಂದ್ರ ನಡೀತೈತಿ."

"ಮಾಸ್ತರದು ಕಡೀ ಎಲಿ ಏನು?"

ಕಲ್ಲಿನಾಥ ನೋಡಿದ. ಮಾಸ್ತರ ಆಚೆ ಭರಮಣ್ಣನ ಎಲೆ ಹಾಗೆಯೇ ಇತ್ತು. ನೀರು ಚಿಮುಕಿಸಿ ಒರೆಸಿಟ್ಟ ಎಲೆ. ಮೇಲೆ ಒಂದಿಷ್ಟು ಉಪ್ಪು ಬಿಟ್ಟರೆ ಏನೂ ಇಲ್ಲ.

"ಆ ಎಲಿ ತಗದುಬಿಡ್ಲೇನ್ರಿ?" ಎಂದ.

ಅಂದ ಮೇಲೆ ತಾನು ಏನು ಅಂದೆ ಎಂಬುದು ಅವನ ಕಿವಿಗೇ ಬಿತ್ತು.

ಅಜ್ಜಾರು ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು ತಮ್ಮ ಎಲೆಯನ್ನು ನೋಡುತ್ತಾ ಕೂತರು. ಅವರನ್ನು ನೋಡಿ ತೋಟದವರು ಕೈ ಮಡಿಲಿಗೆ ಎಳೆದುಕೊಂಡರು. ಭಕ್ತರು ಎಳೆದುಕೊಂಡರು. ಮಾಸ್ತರು ಒಮ್ಮೆ ಕೆಮ್ಮಿ, ತಾವೂ ಎಳೆದುಕೊಂಡರು. ಹುಗ್ಗಿಯ ಹಬೆ ಒಂದೊಂದೇ ಎಲೆಯ ಮೇಲೆ ಇಳಿಯತೊಡಗಿತು.

ಗೌರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

"ದವಾಖಾನ್ಯಾಗ ನನ್ನ ನೋಡಿ ನಕ್ರು ಅಂತ ಅತ್ತಿದ್ನೆಲ್ಲೋ ತಮ್ಮಾ," ಎಂದಳು ಅವಳು ಸಣ್ಣ ದನಿಯಲ್ಲಿ. "ಈಗ ನಾನೂ ನಕ್ಕೆ ನೋಡು."

ಕಲ್ಲಿನಾಥನಿಗೆ ಆಗ ನಾಚಿಕೆ ಬಂತು. ಮೊದಲು ಕಿವಿ ಸುಟ್ಟವು, ಆಮೇಲೆ ಮುಖ, ಆಮೇಲೆ ಸೌಟು ಹಿಡಿದ ಕೈ. ಅಷ್ಟು ಜನರ ನಡುವೆ ನಿಂತವನು ಅವನೊಬ್ಬನೇ. ಭೂಮಿ ಬಾಯಿ ಬಿಟ್ಟಿದ್ದರೆ ಕೊಳಗದ ಸಮೇತ ಇಳಿದುಬಿಡುತ್ತಿದ್ದ. ಭೂಮಿ ಅಂಥ ಹೊತ್ತಿನಲ್ಲಿ ಯಾರಿಗೂ ಬಾಯಿ ಬಿಡುವುದಿಲ್ಲ.

ಕೊಳಗ ಕೆಳಗಿಟ್ಟು ಹೊಳೆಯ ಕಡೆ ಓಡಿದ.

ಭರಮಣ್ಣ ಪಂಪಿನ ಮನೆಯ ಮುಂದೆ ಕಲ್ಲಿನ ಮೇಲೆ ಕೂತಿದ್ದ. ಕಾಲು ನೀರಿನಲ್ಲಿತ್ತು. ಕಲ್ಲಿನಾಥ ಎದುರಿಗೆ ನಿಂತು ಕೈ ಮುಗಿದ.

"ಭರಮಣ್ಣಾ, ನಂದು ತಪ್ಪಾತು. ದೊಡ್ಡ ತಪ್ಪಾತು. ಚ್ಯಾಷ್ಟಿ ಮಾಡಾಕ ಹೋಗಿ ಮನಸ್ಸು ನೋಯಿಸಿದೆ. ನೀ ಹಿರಿಯಾಂವ, ಹೊಟ್ಟ್ಯಾಗ ಹಾಕ್ಕೊ. ಸಿಟ್ಟ ಮಾಡ್ಕೋಬ್ಯಾಡ. ಏಳು, ಊಟಕ್ಕ ಹೋಗೂಣು."

ಮಾತು ಸರಾಗವಾಗಿ ಬಂತು. ಬರಲೇಬೇಕಲ್ಲ, ಎಂ.ಎ. ಮಾಡಿದ ಬಾಯಿ.

ಭರಮಣ್ಣ ತಲೆಯೆತ್ತಿದ. ಏನೋ ಹೇಳಲು ಬಾಯಿ ತೆರೆದ.

"ನ... ನ..."

"ಇರ್ಲಿ ಬಿಡು, ಹೇಳಬ್ಯಾಡ. ನನಗ ತಿಳೀತು," ಎಂದ ಕಲ್ಲಿನಾಥ.

ಭರಮಣ್ಣ ಬಾಯಿ ಮುಚ್ಚಿದ. ನೀರಿನ ಕಡೆ ತಿರುಗಿ ಕೂತ. ಇನ್ನು ಏನು ಕರೆದರೂ ತಿರುಗಲಿಲ್ಲ.

ಕಲ್ಲಿನಾಥ ಒಬ್ಬನೇ ಹಿಂದಿರುಗಿದ. ಪಂಕ್ತಿ ಬಿಟ್ಟಲ್ಲಿಯೇ ಕೂತಿತ್ತು. ಬಾಗಿಲಲ್ಲಿ ನಿಂತವನನ್ನು ಅಜ್ಜಾರು ನೋಡಿದರು.

"ಬಂದ್ನೇನು?"

"ಇಲ್ರಿ."

"ಏನಂದಿ ಅವಗ?"

"ತಪ್ಪಾತು ಅಂದೆರಿ. ಕೈ ಮುಗದೆ."

"ಅಂವ ಏನಂದ?"

"ಏನೂ ಅನ್ನಲಿಲ್ರಿ."

"ಅನ್ನಾಕ ಹೋಗಿದ್ನೇನು?"

ಕಲ್ಲಿನಾಥ ಹೊಸ್ತಿಲನ್ನು ನೋಡಿದ. "ಹೌದ್ರಿ."

"ಅಂವ ಅನ್ನೂತನಕ ನಿಂತಿದ್ದೇನು?"

ಕಲ್ಲಿನಾಥನಿಗೆ ಉತ್ತರ ಇತ್ತು, ಆದರೆ ಹೊರಗೆ ಬರಲಿಲ್ಲ. ಬಾಯಿ ತೆರೆದ, ಮುಚ್ಚಿದ. ಇಡೀ ಪಂಕ್ತಿ ಅವನ ಉತ್ತರಕ್ಕೆ ಕಾದಿತ್ತು. ಮಾತು ಗಂಟಲಲ್ಲಿ ಸಿಕ್ಕರೆ ಹೇಗಿರುತ್ತದೆ ಎಂಬುದು ಅವನಿಗೆ ಅವತ್ತೇ ಮೊದಲ ಸಲ ಗೊತ್ತಾದದ್ದು.

ಅಜ್ಜಾರು ಅವಸರ ಮಾಡಲಿಲ್ಲ.

"ನಿ... ನಿಂದ್ರಲಿಲ್ರಿ," ಎಂದ ಕಡೆಗೆ.

"ಹೋಗು ಮತ್ತ."

ಈ ಸಲ ಅವನು ಓಡಲಿಲ್ಲ. ದಾರಿ ಅದೇ, ಆದರೆ ಕಾಲು ಭಾರವಾಗಿದ್ದವು. ಪಂಕ್ತಿಯಲ್ಲಿ ಆಡಿದ ಮಾತು ಹೆಜ್ಜೆಹೆಜ್ಜೆಗೂ ಕಿವಿಯಲ್ಲಿ ಮತ್ತೆ ಮತ್ತೆ ಕೇಳುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಸಣ್ಣವನಿದ್ದಾಗ ಅವನೂ ಬಾಯಿಪಾಠ ಮಾಡಿದ್ದ. ಬಾಯಿಪಾಠ ಬಾಯಲ್ಲೇ ಉಳಿದಿತ್ತು.

ಭರಮಣ್ಣ ಅಲ್ಲಿಯೇ ಇದ್ದ. ಕಲ್ಲಿನಾಥ ಎದುರಿಗೆ ನಿಲ್ಲಲಿಲ್ಲ. ಪಕ್ಕದ ಕಲ್ಲಿನ ಮೇಲೆ ಕೂತು ತಾನೂ ಕಾಲು ನೀರಿಗೆ ಬಿಟ್ಟ.

"ನೀ ಏನೋ ಹೇಳಾಕ ಬಂದಿದ್ದಿ. ನಾ ಕೇಳಲಿಲ್ಲ," ಎಂದ.

ಹೊಳೆ ಹರಿಯುತ್ತಿತ್ತು. ಒಂದು ಕೊಕ್ಕರೆ ಬಂದು ನಿಂತು, ಮೀನು ಸಿಗದೆ ಹಾರಿಹೋಯಿತು.

"ನ..." ಎಂದ ಭರಮಣ್ಣ. "ನ... ನ..."

ಕಲ್ಲಿನಾಥನಿಗೆ ಆ ಶಬ್ದ ಯಾವುದು ಎಂದು ಗೊತ್ತಾಗಿಬಿಟ್ಟಿತು. ತಾನೇ ಹೇಳಿಕೊಟ್ಟು ಮುಗಿಸೋಣವೆಂದು ನಾಲಿಗೆ ತುರಿಸಿತು. ಪಂಕ್ತಿಯ ಹಸಿದ ಮುಖಗಳು ಕಣ್ಣೆದುರು ಬಂದವು. ಅವನು ಹಲ್ಲು ಕಚ್ಚಿ ಸುಮ್ಮನೆ ಕೂತ.

"ನ... ನಸಿಕಿನ್ಯಾಗ," ಎಂದ ಭರಮಣ್ಣ.

ಕಲ್ಲಿನಾಥ ಬೇರೇನೋ ಅಂದುಕೊಂಡಿದ್ದ. "ನಕ್ಕಿ" ಎಂದು ಬರುತ್ತದೆ ಎಂದುಕೊಂಡಿದ್ದ.

"ನಸಿಕಿನ್ಯಾಗ ಎದ್ದು, ಪ... ಪಂಪ್ ಸುರು ಮಾಡಿ, ಅದರ ಸ... ಸದ್ದಿನ್ಯಾಗ ಹೇಳಿ ನೋಡ್ತಿದ್ದೆ. ಆ ಸದ್ದಿನ್ಯಾಗ ಯಾ... ಯಾರಿಗೂ ಕೇಳ್ಸೂದಿಲ್ಲ."

"ಏನನ್ನ ಭರಮಣ್ಣಾ?"

"ಪಂಪ್. ಮೊ... ಮೊದಲಿಗೂ ಪಿ, ಕ... ಕಡೀಗೂ ಪಿ. ಮತ್ತ... ಆ... ಆತು, ಉಣ್ರಿ. ಎರಡೂ. ದಿನಾ."

ಅವನು ಉಸಿರು ತೆಗೆದುಕೊಂಡ. ಕಲ್ಲಿನಾಥ ನೀರು ನೋಡುತ್ತಾ ಕಾದ.

"ಹಾ... ಹಾಡಿದ್ರ ಬರ್ತೈತಿ ನನಗ. ಆದ್ರ ಹಾಡೂದು ಬ್ಯಾರೆ, ಮ... ಮಾತಾಡೂದು ಬ್ಯಾರೆ. ಒಮ್ಮೆ ಕಡೀ ಎಲಿಗೆ ಕುಂತು, ಎಲ್ಲಾರಿಗೂ ಉ... ಉಣ್ರಿ ಅನಬೇಕು ಅಂತ ಆಸೆ ಇತ್ತು. ಇವತ್ತ ಕುಂತೆ."

"ಭರಮಣ್ಣಾ..."

"ಬ... ಬರ್ತಿತ್ತು," ಎಂದ ಭರಮಣ್ಣ. "ಇನ್ನೊಂದು ಚೂರು ನೀ ತ... ತಡದಿದ್ರ, ಬರ್ತಿತ್ತು."

ಸಿಟ್ಟಿನಿಂದ ಅಂದಿದ್ದರೆ ಕಲ್ಲಿನಾಥ ತಾಳಿಕೊಳ್ಳುತ್ತಿದ್ದ. ಭರಮಣ್ಣ ಸಿಟ್ಟಿನಿಂದ ಅನ್ನಲಿಲ್ಲ. ಮಳೆ ಬರುವ ಹಾಗಿತ್ತು, ಬರಲಿಲ್ಲ ಎಂದು ಹೇಳುವ ಹಾಗೆ ಹೇಳಿದ. ಕಲ್ಲಿನಾಥ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅಂಥ ನಾಚಿಕೆಯನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಆಮೇಲೆ ಮುಖ ತೆರೆದು, "ನೀ ಬರ್ತಿಯೋ ಇಲ್ಲೋ, ನಿನಗ ಬಿಟ್ಟದ್ದು," ಎಂದ. "ನಾ ಒತ್ತಾಯ ಮಾಡೂದಿಲ್ಲ. ಅಲ್ಲಿ ಯಾರೂ ಉಂಡಿಲ್ಲ, ಅದೊಂದು ಹೇಳ್ತೀನಿ."

ಭರಮಣ್ಣ ಗಕ್ಕನೆ ತಿರುಗಿದ. "ಯಾ... ಯಾರೂ?"

"ಯಾರೂ."

"ಅ... ಅಜ್ಜಾರೂ?"

"ಅಜ್ಜಾರೂ."

"ಹುಚ್ಚ ಹುಚ್ಚ!" ಭರಮಣ್ಣ ನೀರಿನಿಂದ ಕಾಲು ಕಿತ್ತುಕೊಂಡು ಎದ್ದ. "ಮೊ... ಮೊದಲ ಹೇಳಾಕ ಏನಾಗಿತ್ತು ನಿನಗ! ದೂರದಿಂದ ಬಂದ ಮಂದಿ ಹ... ಹಸಗೊಂಡು ಕುಂತಾರ!"

ಅವನು ದಾಪುಗಾಲು ಹಾಕಿದ. ಕಲ್ಲಿನಾಥ ಹಿಂದೆ ಹಿಂದೆ ನಡೆದ.

ಪಂಕ್ತಿಯಲ್ಲಿ ಯಾರೂ ಅವರಿಬ್ಬರನ್ನು ದಿಟ್ಟಿಸಿ ನೋಡಲಿಲ್ಲ. ಭರಮಣ್ಣ ಕಡೆಯ ಎಲೆಗೆ ಕೂತ. ಕಲ್ಲಿನಾಥ ಕೊಳಗ ತಂದ. ಹುಗ್ಗಿ ಆರಿ ಗಟ್ಟಿಯಾಗಿತ್ತು. ಸೌಟಿನಿಂದ ಒಮ್ಮೆಗೆ ಬೀಳಲಿಲ್ಲ. ಶಬ್ದ ಹೇಳು ಎಂದು ಅವನು ಕೇಳಲಿಲ್ಲ.

ಭರಮಣ್ಣ ತಾನಾಗಿಯೇ ತುಟಿ ಕೂಡಿಸಿದ.

"ಪ..."

ಯಾರೂ ಅಲುಗಲಿಲ್ಲ. ಮಾಸ್ತರು ಹೇಳಿಕೊಡಲು ಬಾಯಿ ತೆರೆದರು. ಅಜ್ಜಾರು ಒಂದು ಬೆರಳು ಎತ್ತಿದರು. ಮಾಸ್ತರು ಬಾಯಿ ಮುಚ್ಚಿಕೊಂಡರು.

"ಪ... ಪ..." ಭರಮಣ್ಣ ಒಂದು ಗಳಿಗೆ ತಡೆದ. ಕಣ್ಣು ಮುಚ್ಚಿದ. ಮತ್ತೆ ತೆರೆದ. "ಪಂಪ್."

ಸೌಟಿನಲ್ಲಿ ಅಂಟಿದ್ದ ಹುಗ್ಗಿ ಎಲೆಗೆ ಬಿತ್ತು.

ಇನ್ನು ಆ ಎರಡು ಮಾತು ಉಳಿದಿದ್ದವು.

"ಆ..." ಎಂದ ಭರಮಣ್ಣ. ಈ ಸಲ ಇನ್ನೂ ತಡವಾಯಿತು. ಹೊಟ್ಟೆ ಹಸಿದ ಜನ, ಎದುರಿಗೆ ಅನ್ನ, ಆದರೂ ಒಂದು ಕೆಮ್ಮು ಕೂಡ ಕೇಳಲಿಲ್ಲ. ತೋಟದವರು ತಲೆ ಬಗ್ಗಿಸಿ ಕೂತಿದ್ದರು. ಗೌರವ್ವನ ಕಣ್ಣಿಂದ ನೀರು ಹರಿಯುತ್ತಿತ್ತು, ಅವಳು ಒರೆಸಿಕೊಳ್ಳಲಿಲ್ಲ.

"ಆ... ಆ... ಆತು. ಉಣ್ರಿ."

ಎಲ್ಲರ ಕೈಯೂ ಒಟ್ಟಿಗೆ ಎಲೆಗೆ ಹೋದವು.

ಕಲ್ಲಿನಾಥ ಕೊಳಗವನ್ನು ಅಡಿಗೆ ಮನೆಯಲ್ಲಿ ಇಟ್ಟು, ಸೌಟು ತೊಳೆದು ಗೂಟಕ್ಕೆ ಹಾಕಿದ. ಹಿಂದಿನ ಬಾಗಿಲಿನಿಂದ ತನ್ನ ಖೋಲಿಗೆ ಹೋದ. ಎರಡು ಧೋತರ, ಒಂದು ಅಂಗಿ, ಕಾಲೇಜಿನ ಕಾಲದ ಇಂಗ್ಲಿಷ್ ನಿಘಂಟು, ಇಷ್ಟನ್ನು ಚೀಲಕ್ಕೆ ತುರುಕಿದ. ಈ ಆಶ್ರಮದಲ್ಲಿ ಇನ್ನು ಯಾವ ಮುಖ ಇಟ್ಟುಕೊಂಡು ಬಡಿಸುವುದು? ಯಾರಿಗೂ ಹೇಳದೆ ಹೋದರೆ ಸಾಕಿತ್ತು. ನಿಘಂಟನ್ನು ಮತ್ತೆ ಹೊರಗೆ ತೆಗೆದು ಕಿಟಕಿಯಲ್ಲಿ ಇಟ್ಟ. ಗೌರವ್ವನಿಗಾದರೂ ಬೇಕಾದೀತು.

ರಸ್ತೆಗೆ ಹೋಗಬೇಕಾದರೆ ದಾಸೋಹದ ಮನೆಯ ಬಾಗಿಲು ದಾಟಬೇಕು. ಊಟ ಮುಗಿಸಿ ಎಲ್ಲರೂ ಎದ್ದು ಕೈ ತೊಳೆಯಲು ಹೋಗಿರುತ್ತಾರೆ ಎಂದುಕೊಂಡು, ತಲೆ ತಗ್ಗಿಸಿ, ಚೀಲ ಕಂಕುಳಲ್ಲಿ ಇಟ್ಟುಕೊಂಡು ಬಂದ.

ಯಾರೂ ಎದ್ದಿರಲಿಲ್ಲ.

ಎಲೆಗಳೆಲ್ಲ ಖಾಲಿಯಾಗಿದ್ದವು. ಅಜ್ಜಾರು ಮೊದಲ ಎಲೆಯ ಮುಂದೆ, ಎಂಜಲು ಕೈಯನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡು ಕೂತಿದ್ದರು. ತೋಟದವರು, ಭಕ್ತರು, ಮಾಸ್ತರು ಎಲ್ಲರೂ ಹಾಗೆಯೇ ಕೂತಿದ್ದರು. ತುದಿಯಲ್ಲಿ ಭರಮಣ್ಣ ಸ್ವಲ್ಪ ಸರಿದು ಜಾಗ ಬಿಟ್ಟಿದ್ದ. ಅಲ್ಲಿ ಇನ್ನೊಂದು ಎಲೆ ಹಾಸಿತ್ತು. ಅದರ ಮೇಲೆ ಹುಗ್ಗಿ, ಅದರ ಮೇಲೆ ತುಪ್ಪ.

ಕಲ್ಲಿನಾಥ ಬಾಗಿಲಲ್ಲೇ ನಿಂತುಬಿಟ್ಟ. ಆ ಕಟ್ಟಳೆಯ ಎರಡನೆಯ ಅರ್ಧವನ್ನು ಅವನು ಮರೆತೇಬಿಟ್ಟಿದ್ದ.

"ಚೀಲ ಯಾಕ?" ಎಂದರು ಅಜ್ಜಾರು.

"ಹೋಗ್ತೀನ್ರಿ ಅಜ್ಜಾರ. ಈ ಸಾಲಿನ್ಯಾಗ ಕುಂದ್ರೂ ಯೋಗ್ಯತಿ ನನಗಿಲ್ಲ."

"ನಾಚಿಕಿ ಆಗೇತೇನು?"

"ಭಾಳ ಆಗೇತ್ರಿ. ನಾ ಪಂಕ್ತಿಭೇದ ಮಾಡಿದೆ. ಎಲ್ಲಾರಿಗೂ ಹೇಳಿಕೊಟ್ಟು ಬಡಿಸಿದೆ, ಅವನೊಬ್ಬಗ ನಕ್ಕೆ. ಮ್ಯಾಲೆ ಅವನ ಎಲಿ ತಗೀತೀನಿ ಅಂದೆ."

"ಹೌದು, ಅಂದಿ."

"ನಾ ಹೋಗೂದ ಛಲೋ ಅಲ್ಲೇನ್ರಿ?"

ಭರಮಣ್ಣ ಏನೋ ಹೇಳಲು ಬಾಯಿ ತೆರೆದ. "ಕು... ಕು..."

ಇಡೀ ಪಂಕ್ತಿ ಅವನಿಗಾಗಿ ಕಾದು ಕೂತಿತು. ಬಾಗಿಲಲ್ಲಿ ಕಲ್ಲಿನಾಥನೂ ಕಾದ.

"ಕು... ಕುಂದ್ರೋ," ಎಂದ ಭರಮಣ್ಣ.

ಕಲ್ಲಿನಾಥ ಚೀಲ ಹಿಡಿದುಕೊಂಡು ಅಲ್ಲೇ ಅಳುತ್ತಾ ನಿಂತ. ಒಳಗೆ ಕಾಲಿಡಲು ಧೈರ್ಯವಿಲ್ಲ, ಹೊರಗೆ ಹೋಗಲು ಮನಸ್ಸಿಲ್ಲ.

ಅಜ್ಜಾರು ತಮ್ಮ ಬಲಗೈಯನ್ನು ಎತ್ತಿ, ಬೆರಳುಗಳಿಗೆ ಅಂಟಿ ಒಣಗಿದ ಹುಗ್ಗಿಯನ್ನು ಅವನಿಗೆ ತೋರಿಸಿದರು.

"ಹೋಗೂದಿದ್ರ ನಾಳೆ ಹೋಗಾಕ ಬರ್ತೈತಿ. ಈಗ ಬಂದು ಉಣ್ಣು ತಮ್ಮಾ, ನಮ್ಮೆಲ್ಲಾರ ಕೈ ಒಣಗಾಕತ್ತಾವು."